ಆನ್‌ಲೈನ್‌ನಲ್ಲಿ ಆರೋಗ್ಯ ಮೌಲ್ಯಮಾಪನ ಸ್ನಾತಕೋತ್ತರ ಪದವಿ: ಕಲಬುರಗಿ, ಬೀದರ್, ಯಾದಗಿರಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಯಾದಗಿರಿ ಜಿಲ್ಲೆಯಲ್ಲಿ ಆರೋಗ್ಯ ಕಾರ್ಯಕ್ರಮಗಳ ಅಂಕಿಅಂಶ ನೋಡುವ ಕೆಲಸದಲ್ಲಿದ್ದೇನೆ. ಕೆಲಸ ಬಿಡದೆ, ಮನೆಯಲ್ಲೇ ಕೂತು, ಹೊರದೇಶದ ವಿಶ್ವವಿದ್ಯಾಲಯವೊಂದರಿಂದ ಆನ್‌ಲೈನ್‌ನಲ್ಲಿ ಸ್ನಾತಕೋತ್ತರ ಪದವಿ ಮುಗಿಸಿದೆ. ಅವತ್ತಿನಿಂದ ಫೋನ್ ಬರುವುದು ನಿಂತಿಲ್ಲ. ಸೇಡಂನ ನರ್ಸ್ ಒಬ್ಬರು, ಔರಾದ್ ಕಡೆಯ ಸಮುದಾಯ ಆರೋಗ್ಯ ಅಧಿಕಾರಿ, ಸುರಪುರದ ಬಿಎಸ್‌ಸಿ ಹುಡುಗ. ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ಹಾಗಾಗಿ ಒಂದೇ ಕಡೆ ಬರೆದಿಟ್ಟಿದ್ದೇನೆ.

ಆರೋಗ್ಯ ಮೌಲ್ಯಮಾಪನ ಅಂದರೆ ಏನ್ರಿ? ಸರ್ವೆ ಮಾಡೋದಾ?

ಸರ್ವೆ ಅದರ ಒಂದು ಭಾಗ ಅಷ್ಟೇ. ಒಂದು ಆರೋಗ್ಯ ಕಾರ್ಯಕ್ರಮ ನಿಜವಾಗಿ ಕೆಲಸ ಮಾಡಿತಾ, ಯಾರಿಗೆ ಮುಟ್ಟಿತು, ಯಾರನ್ನು ಬಿಟ್ಟಿತು, ಯಾಕೆ ಬಿಟ್ಟಿತು ಅಂತ ಸಾಕ್ಷಿ ಇಟ್ಟುಕೊಂಡು ಹೇಳುವ ವಿದ್ಯೆ ಇದು.

ಒಂದು ಲೆಕ್ಕ ಹೇಳುತ್ತೇನೆ, ಅಂಕಿ ಬರೀ ಉದಾಹರಣೆಗೆ. ಒಂದು ಊರಿನಲ್ಲಿ ಲಸಿಕೆ ಹಾಕಬೇಕಾದ ಮಕ್ಕಳು 52. ದೀಪಾವಳಿ ದಾಟಿತು, 12 ಮಕ್ಕಳ ಮನೆಯವರು ಬೆಂಗಳೂರಿಗೋ ಪುಣೆಗೋ ಗುಳೆ ಹೋದರು. ರಿಜಿಸ್ಟರಿನಲ್ಲಿ ಆ ಹೆಸರುಗಳ ಮುಂದೆ ಪೆನ್ಸಿಲಿನಲ್ಲಿ ‘ಊರಲ್ಲಿಲ್ಲ’ ಅಂತ ಬಿತ್ತು. ಉಳಿದ 40 ಮಕ್ಕಳಲ್ಲಿ 38 ಮಕ್ಕಳಿಗೆ ಲಸಿಕೆ ಆಯಿತು. ವರದಿಯಲ್ಲಿ 95% ಅಂತ ಬಂತು. ಹೋದ 12 ಮಕ್ಕಳನ್ನೂ ಸೇರಿಸಿ ಭಾಗಿಸಿ ನೋಡಿ, 73% ಬರುತ್ತದೆ. ಇಲ್ಲಿ ಯಾರೂ ಸುಳ್ಳು ಬರೆದಿಲ್ಲ. ಲಸಿಕೆ ಹಾಕುವ ಎಎನ್‌ಎಂ ಅಕ್ಕ ತನ್ನ ಕೆಲಸ ಸರಿಯಾಗಿಯೇ ಮಾಡಿದ್ದಾರೆ. ಆದರೆ ಲಸಿಕೆ ತಪ್ಪುವ ಅಪಾಯ ಜಾಸ್ತಿ ಇದ್ದ ಮಕ್ಕಳೇ ಲೆಕ್ಕದಿಂದ ಜಾರಿಹೋದರು.

ತಿಂಗಳು ತಿಂಗಳು ಎಣಿಸುವುದು ಉಸ್ತುವಾರಿ. ಆ ಎಣಿಕೆ ಏನನ್ನು ಹೇಳುತ್ತದೆ, ಏನನ್ನು ಮುಚ್ಚುತ್ತದೆ ಅಂತ ಕೇಳುವುದು ಮೌಲ್ಯಮಾಪನ.

ಇದರಲ್ಲಿ ಏನೇನು ಕಲಿಸುತ್ತಾರೆ?

ಮೌಲ್ಯಮಾಪನದ ವಿಧಾನಗಳು, ಸಂಖ್ಯಾಶಾಸ್ತ್ರ, ಕಾಯಿಲೆ ಯಾರಿಗೆ, ಎಲ್ಲಿ, ಯಾಕೆ ಬರುತ್ತದೆ ಅಂತ ನೋಡುವ ಎಪಿಡೆಮಿಯಾಲಜಿಯ ಮೂಲಪಾಠ, ಜನರ ಜೊತೆ ಕೂತು ಮಾತಾಡಿ ಮಾಹಿತಿ ತೆಗೆಯುವ ರೀತಿ, ಖರ್ಚಿಗೆ ತಕ್ಕ ಫಲ ಸಿಕ್ಕಿತಾ ಅನ್ನುವ ಲೆಕ್ಕ. ಯೋಜನೆಗಳನ್ನು ಅಳೆಯಲು ಓಇಸಿಡಿ ಅನ್ನುವ ದೇಶಗಳ ಒಕ್ಕೂಟದವರು ಮಾಡಿದ ಆರು ಮಾನದಂಡಗಳು ಎಲ್ಲ ಕಡೆ ಬರುತ್ತವೆ. ಮೊದಲು ಐದಿದ್ದವು, 2019ರಲ್ಲಿ ಆರಾದವು. ನಮ್ಮ ಮಾತಿನಲ್ಲಿ ಹೇಳಬೇಕು ಅಂದರೆ: ಈ ಯೋಜನೆ ಬೇಕಿತ್ತಾ? ಬೇರೆ ಯೋಜನೆಗಳ ಜೊತೆ ಹೊಂದುತ್ತಾ? ಗುರಿ ಮುಟ್ಟಿತಾ? ಹಾಕಿದ ದುಡ್ಡಿಗೆ ತಕ್ಕ ಕೆಲಸ ಆಯಿತಾ? ಜನರ ಬದುಕಿನಲ್ಲಿ ಏನು ಬದಲಾಯಿತು? ದುಡ್ಡು ನಿಂತ ಮೇಲೂ ಉಳಿಯುತ್ತಾ?

ಎಲ್ಲೆಲ್ಲಿ ಓದಬಹುದು?

ಇದೇ ಹೆಸರಿನ ಪದವಿ ಕಡಿಮೆ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯ ಆರೋಗ್ಯ ಮೌಲ್ಯಮಾಪನದಲ್ಲೇ ಆನ್‌ಲೈನ್ ಸ್ನಾತಕೋತ್ತರ ಪದವಿ ರೂಪಿಸಿದೆ. ಆಸ್ಟ್ರೇಲಿಯಾದ ಮೆಲ್ಬರ್ನ್ ವಿಶ್ವವಿದ್ಯಾಲಯದ್ದು ಬರೀ ‘ಮೌಲ್ಯಮಾಪನ’ ಪದವಿ, ಅದರಲ್ಲಿ ಆರೋಗ್ಯದ ಕೆಲಸವನ್ನೂ ಮಾಡಬಹುದು. ಲಂಡನ್ ಸ್ಕೂಲ್ ಆಫ್ ಹೈಜೀನ್ ಅಂಡ್ ಟ್ರಾಪಿಕಲ್ ಮೆಡಿಸಿನ್ ಪಾಠ ಮಾಡುವ ಸಾರ್ವಜನಿಕ ಆರೋಗ್ಯದ ದೂರಶಿಕ್ಷಣ ಪದವಿ ಲಂಡನ್ ವಿಶ್ವವಿದ್ಯಾಲಯದ ಮೂಲಕ ಸಿಗುತ್ತದೆ. ಈ ವರ್ಷ ಪ್ರವೇಶ ತೆರೆದಿದೆಯಾ, ಕೊನೆಯ ದಿನ ಯಾವುದು ಅನ್ನುವುದನ್ನು ಆಯಾ ವಿಶ್ವವಿದ್ಯಾಲಯದ ಜಾಲತಾಣದಲ್ಲೇ ನೋಡಿ. ಏಜೆಂಟರ ವಾಟ್ಸ್‌ಆ್ಯಪ್ ಫಾರ್ವರ್ಡ್ ನಂಬಬೇಡಿ.

ಆನ್‌ಲೈನ್ ಪದವಿಗೆ ನಮ್ಮಲ್ಲಿ ಮಾನ್ಯತೆ ಇದೆಯಾ?

ಈ ಪುಟದಲ್ಲಿ ಒಂದೇ ಒಂದು ಉತ್ತರ ಓದುತ್ತೀರಿ ಅಂದರೆ ಇದನ್ನೇ ಓದಿ. ದುಡ್ಡು ಕಟ್ಟಿದ ಮೇಲೆ ಈ ಪ್ರಶ್ನೆ ಕೇಳಿದವರ ಅಳು ಫೋನಿನಲ್ಲಿ ಕೇಳಿದ್ದೇನೆ.

ಮೊದಲು ಭಾರತದ ವಿಶ್ವವಿದ್ಯಾಲಯಗಳ ಮಾತು. ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, 2020ರಲ್ಲಿ ದೂರಶಿಕ್ಷಣ ಮತ್ತು ಆನ್‌ಲೈನ್ ಕೋರ್ಸ್‌ಗಳಿಗೆ ನಿಯಮ ಮಾಡಿತು. ಆ ನಿಯಮದಂತೆ ಅನುಮತಿ ಪಡೆದ ವಿಶ್ವವಿದ್ಯಾಲಯ ಕೊಡುವ ಆನ್‌ಲೈನ್ ಪದವಿ, ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮ ಅಂತ 2022ರ ಸೆಪ್ಟೆಂಬರ್‌ನಲ್ಲಿ ಯುಜಿಸಿಯೇ ಸ್ಪಷ್ಟಪಡಿಸಿದೆ. ಆದರೆ ಅನುಮತಿ ವಿಶ್ವವಿದ್ಯಾಲಯಕ್ಕೆ ಇದ್ದರೆ ಸಾಲದು, ನೀವು ಸೇರುವ ಆ ಕೋರ್ಸಿಗೂ, ಆ ಸೆಷನ್ನಿಗೂ ಇರಬೇಕು. ಯುಜಿಸಿಯ ದೂರಶಿಕ್ಷಣ ವಿಭಾಗದ ಜಾಲತಾಣದಲ್ಲಿ ಪಟ್ಟಿ ಇದೆ. ಹತ್ತು ನಿಮಿಷದ ಕೆಲಸ, ಮಾಡಿ.

2024ರ ಸೆಪ್ಟೆಂಬರ್‌ನಿಂದ ಇನ್ನೊಂದು ಕಡ್ಡಾಯ ಬಂದಿದೆ. ಭಾರತದ ವಿಶ್ವವಿದ್ಯಾಲಯದ ದೂರಶಿಕ್ಷಣಕ್ಕೋ ಆನ್‌ಲೈನ್‌ಗೋ ಸೇರುವ ವಿದ್ಯಾರ್ಥಿ ತಾನೇ ಡಿಇಬಿ ಐಡಿ, ಅಂದರೆ ಯುಜಿಸಿಯ ದೂರಶಿಕ್ಷಣ ವಿಭಾಗದ ಗುರುತಿನ ಸಂಖ್ಯೆ, ಮಾಡಿಕೊಳ್ಳಬೇಕು. ಅದಕ್ಕೆ ಮೊದಲು ಎಬಿಸಿ ಐಡಿ, ಅಂದರೆ ಓದಿನ ಕ್ರೆಡಿಟ್ ಜಮೆ ಆಗುವ ಖಾತೆಯ ಸಂಖ್ಯೆ, ಬೇಕು, ಅದು ಡಿಜಿಲಾಕರ್ ಮೂಲಕ ಆಗುತ್ತದೆ. ‘ಐಡಿ ನಾವೇ ಮಾಡಿಕೊಡ್ತೀವಿ, ಓಟಿಪಿ ಹೇಳಿ’ ಅಂತ ಯಾರಾದರೂ ಅಂದರೆ ಫೋನ್ ಇಟ್ಟುಬಿಡಿ.

ಆರೋಗ್ಯದವರು ಗಮನಿಸಬೇಕಾದದ್ದು ಇನ್ನೂ ಇದೆ. 2021ರ ರಾಷ್ಟ್ರೀಯ ಸಹಾಯಕ ಮತ್ತು ಆರೋಗ್ಯ ವೃತ್ತಿಗಳ ಆಯೋಗದ ಕಾಯ್ದೆಗೆ ಒಳಪಡುವ ವಿಷಯಗಳನ್ನು 2025ರ ಜುಲೈ-ಆಗಸ್ಟ್ ಸೆಷನ್‌ನಿಂದ ಆನ್‌ಲೈನ್‌ನಲ್ಲಾಗಲಿ ದೂರಶಿಕ್ಷಣದಲ್ಲಾಗಲಿ ಕಲಿಸುವಂತಿಲ್ಲ. ಮನಃಶಾಸ್ತ್ರ, ಮೈಕ್ರೊಬಯಾಲಜಿ, ಆಹಾರ ಮತ್ತು ಪೋಷಣೆ ಇವೆಲ್ಲ ಆ ಸಾಲಿಗೆ ಬಂದವು. ಹಳೆಯ ಜಾಹೀರಾತು ನೋಡಿ ಹೊಸದಾಗಿ ದುಡ್ಡು ಕಟ್ಟಬೇಡಿ.

ಹೊರದೇಶದ ಪದವಿಯ ದಾರಿ ಬೇರೆ. ಇಲ್ಲಿ ಸರ್ಕಾರಿ ಹುದ್ದೆಗೋ ಪಿಎಚ್‌ಡಿಗೋ ಅದನ್ನು ತೋರಿಸಬೇಕಾದರೆ, ಇದು ಇಲ್ಲಿನ ಪದವಿಗೆ ಸಮ ಅನ್ನುವ ಸಮಾನತೆಯ ಪ್ರಮಾಣಪತ್ರ ಕೇಳುತ್ತಾರೆ. ಅದಕ್ಕೆ ಯುಜಿಸಿ 2025ರಲ್ಲಿ ಹೊಸ ನಿಯಮ ತಂದಿದೆ. ನಿಮ್ಮ ಗುರಿ ಸರ್ಕಾರಿ ಹುದ್ದೆಯೇ ಆಗಿದ್ದರೆ, ಈ ಆನ್‌ಲೈನ್ ಪದವಿಗೆ ಸಮಾನತೆ ಸಿಗುತ್ತದಾ ಅಂತ ಅರ್ಜಿ ಹಾಕುವ ಮೊದಲೇ ಬರವಣಿಗೆಯಲ್ಲಿ ಕೇಳಿ, ಬರವಣಿಗೆಯಲ್ಲೇ ಉತ್ತರ ಪಡೆಯಿರಿ. ಸ್ವಯಂಸೇವಾ ಸಂಸ್ಥೆ, ಸಂಶೋಧನಾ ಸಂಸ್ಥೆಗಳಲ್ಲಿ ಕೆಲಸ ಮಾಡುವ ಯೋಚನೆ ಇದ್ದರೆ ಇದು ಅಷ್ಟು ತೊಡಕಲ್ಲ. ಅಲ್ಲಿ ನೀವು ಮಾಡಿದ ಕೆಲಸ ನೋಡುತ್ತಾರೆ.

ಮೂರು ವರ್ಷದ ಬಿಎಸ್‌ಸಿ ಆಗಿದೆ. ಸಾಕಾ?

ಕೆನಡಾದ ಬಹುತೇಕ ವಿಶ್ವವಿದ್ಯಾಲಯಗಳು ನಾಲ್ಕು ವರ್ಷದ ಪದವಿ ಕೇಳುತ್ತವೆ. ಬಿಎಸ್‌ಸಿ ನರ್ಸಿಂಗ್, ಎಂಬಿಬಿಎಸ್, ಬಿಡಿಎಸ್, ಬಿಎಎಂಎಸ್ ಆದವರಿಗೆ ಅವಧಿಯ ತೊಂದರೆ ಇಲ್ಲ. ಮೂರು ವರ್ಷದ ಪದವಿಯ ಮೇಲೆ ಎಂಎಸ್‌ಸಿ ಅಥವಾ ಎಂಎಸ್‌ಡಬ್ಲ್ಯೂ ಇದ್ದರೆ ಅದನ್ನೂ ಸೇರಿಸಿ ತೋರಿಸಿ. ಬರೀ ಮೂರು ವರ್ಷದ್ದೇ ಇದ್ದರೆ ಪ್ರವೇಶ ವಿಭಾಗಕ್ಕೆ ನಾಲ್ಕು ಸಾಲಿನ ಇಮೇಲ್ ಹಾಕಿ ಕೇಳಿ. ಅವರು ಉತ್ತರ ಕೊಡುತ್ತಾರೆ. ಕೇಳದೆ ಅರ್ಜಿ ಶುಲ್ಕ ಕಟ್ಟಿದರೆ ಅದು ವಾಪಸ್ ಬರುವುದಿಲ್ಲ.

ಮಾರ್ಕ್ಸ್ ಕಾರ್ಡಿನಲ್ಲಿ ಒಂದು ಹೆಸರು, ಪಾಸ್‌ಪೋರ್ಟಿನಲ್ಲಿ ಇನ್ನೊಂದು. ಏನು ಮಾಡಲಿ?

ನಮ್ಮ ಭಾಗದಲ್ಲಿ ಇದು ಮನೆಮನೆಯ ಕಥೆ ಅಲ್ವಾ? ಶಾಲೆಗೆ ಸೇರಿಸುವಾಗ ಮೇಷ್ಟ್ರು ‘ತಂದೆ ಶರಣಪ್ಪ’ ಅಂತ ಬರೆದರು. ಎಸ್‌ಎಸ್‌ಎಲ್‌ಸಿಯಲ್ಲಿ ಅದು ಬರೀ ‘ಎಸ್’ ಆಯಿತು. ಡಿಗ್ರಿಯಲ್ಲಿ ಮನೆತನದ ಹೆಸರು ಬಂದು ಕೂತಿತು. ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರೇ ಸರ್‌ನೇಮ್. ಹೊರಗಿನವರಿಗೆ ಇವರು ಮೂವರು ಬೇರೆ ಬೇರೆ ಮನುಷ್ಯರು.

ನನ್ನ ಡಿಗ್ರಿ ಮಾರ್ಕ್ಸ್ ಕಾರ್ಡಿನಲ್ಲಿ ಒಂದು ಅಕ್ಷರ ತಪ್ಪಾಗಿತ್ತು. ತಿದ್ದಿಸಲು ನಾಲ್ಕು ತಿಂಗಳು ಓಡಾಡಿದೆ. ಒಂದು ಟೇಬಲ್‌ನಿಂದ ಇನ್ನೊಂದು ಟೇಬಲ್‌ಗೆ, ‘ಸೋಮವಾರ ಬನ್ನಿ’ ಅನ್ನುವ ಮಾತು ಎಷ್ಟು ಸಲ ಕೇಳಿದೆನೋ. ಆ ವರ್ಷದ ಅರ್ಜಿ ಅಲ್ಲಿಗೇ ತಪ್ಪಿತು. ಅದಕ್ಕೇ ಹೇಳುವುದು: ಅರ್ಜಿ ತೆರೆಯುವ ಆರು ತಿಂಗಳು ಮೊದಲೇ ನಿಮ್ಮ ಎಲ್ಲ ದಾಖಲೆಗಳನ್ನು ಮಂಚದ ಮೇಲೆ ಸಾಲಾಗಿ ಇಟ್ಟು, ಹೆಸರಿನ ಒಂದೊಂದು ಇಂಗ್ಲಿಷ್ ಅಕ್ಷರವನ್ನೂ ಬೆರಳಿಟ್ಟು ಓದಿ. ಸಣ್ಣ ವ್ಯತ್ಯಾಸ ಇದ್ದರೆ ‘ಇಬ್ಬರೂ ಒಬ್ಬರೇ ವ್ಯಕ್ತಿ’ ಅನ್ನುವ ಅಫಿಡವಿಟ್ ಅನ್ನು ನೋಟರಿ ಹತ್ತಿರ ಮಾಡಿಸಿ. ಅರ್ಜಿ ತುಂಬುವಾಗ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಹೆಸರು ಬರೆಯಿರಿ.

ಟ್ರಾನ್ಸ್‌ಕ್ರಿಪ್ಟ್ ಅಂದರೆ ಮಾರ್ಕ್ಸ್ ಕಾರ್ಡೇ ಅಲ್ವಾ?

ಅಲ್ಲ. ಎಲ್ಲ ಸೆಮಿಸ್ಟರ್‌ಗಳ ವಿಷಯ, ಅಂಕ ಒಟ್ಟು ಸೇರಿಸಿ ವಿಶ್ವವಿದ್ಯಾಲಯವೇ ಸಹಿ, ಸೀಲು ಹಾಕಿ ಕೊಡುವ ದಾಖಲೆ ಅದು. ಕೆಲವರು ಅದನ್ನು ಮುಚ್ಚಿದ ಲಕೋಟೆಯಲ್ಲೇ ಕೇಳುತ್ತಾರೆ. ಲಕೋಟೆಯನ್ನು ನೀವು ಬಿಚ್ಚಿದರೆ ಅದು ಲೆಕ್ಕಕ್ಕಿಲ್ಲ.

ನಿಮ್ಮ ಮಾರ್ಕ್ಸ್ ಕಾರ್ಡಿನ ಮೇಲೆ ಯಾವ ವಿಶ್ವವಿದ್ಯಾಲಯದ ಹೆಸರಿದೆಯೋ ಅಲ್ಲಿಗೇ ಹೋಗಬೇಕು. ಯಾದಗಿರಿ ಜಿಲ್ಲೆಯ ಕಾಲೇಜುಗಳು ಈಗ ರಾಯಚೂರಿನ ವಿಶ್ವವಿದ್ಯಾಲಯಕ್ಕೆ ಸೇರಿವೆ, ಬೀದರ್‌ಗೆ ತನ್ನದೇ ವಿಶ್ವವಿದ್ಯಾಲಯ ಬಂದಿದೆ. ಆದರೂ ಹಳೆಯ ಬ್ಯಾಚಿನವರು ಕಲಬುರಗಿಯ ಗುಲ್ಬರ್ಗಾ ವಿಶ್ವವಿದ್ಯಾಲಯದ ಬಾಗಿಲನ್ನೇ ತಟ್ಟಬೇಕು. ನರ್ಸಿಂಗ್, ಮೆಡಿಕಲ್ ಓದಿದವರದ್ದು ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ಒಂದೇ ಸಲಕ್ಕೆ ನಾಲ್ಕೈದು ಪ್ರತಿ ಮಾಡಿಸಿಕೊಂಡು ಬನ್ನಿ.

ಶಿಫಾರಸು ಪತ್ರ ಯಾರ ಹತ್ತಿರ ಬರೆಸಲಿ? ಎಂಎಲ್‌ಎ ಕಡೆಯಿಂದ ಆಗುತ್ತದಾ?

ಬೇಡ. ನಿಮ್ಮ ಕೆಲಸವನ್ನು ಕಣ್ಣಾರೆ ಕಂಡವರು ಬೇಕು. ಪಾಠ ಮಾಡಿದ ಒಬ್ಬರು, ಕೆಲಸದಲ್ಲಿ ನಿಮ್ಮ ಮೇಲಿನವರು ಒಬ್ಬರು. ತಾಲ್ಲೂಕು ಆರೋಗ್ಯ ಅಧಿಕಾರಿ ನಿಮ್ಮ ವರದಿ ಓದಿದ್ದರೆ ಅವರ ಮಾತಿಗೆ ತೂಕ ಜಾಸ್ತಿ. ವಿಶ್ವವಿದ್ಯಾಲಯ ಸೀದಾ ಅವರ ಇಮೇಲ್‌ಗೆ ಲಿಂಕ್ ಕಳಿಸುತ್ತದೆ, ಆದಷ್ಟೂ ಕಚೇರಿಯ ಇಮೇಲ್ ಕೊಡಿ. ಎಷ್ಟೋ ಸಲ ಆ ಲಿಂಕ್ ಸ್ಪ್ಯಾಮ್‌ನಲ್ಲಿ ಬಿದ್ದಿರುತ್ತದೆ. ‘ಸರ್, ಸ್ವಲ್ಪ ಸ್ಪ್ಯಾಮ್ ಫೋಲ್ಡರ್ ನೋಡ್ತೀರಾ’ ಅಂತ ಕೇಳಲು ಸಂಕೋಚ ಬೇಡ. ನಿಮ್ಮ ಬಯೋಡೇಟಾ, ಮಾಡಿದ ಕೆಲಸದ ಪಟ್ಟಿ ಅವರ ಕೈಗೆ ಮೊದಲೇ ಕೊಡಿ. ಪಾಪ, ಅವರಿಗೆ ಎಲ್ಲ ಎಲ್ಲಿ ನೆನಪಿರುತ್ತದೆ?

ಎಸ್‌ಒಪಿ ಹೇಗೆ ಬರೆಯಬೇಕು?

ಎಸ್‌ಒಪಿ ಅಂದರೆ ನಾನು ಯಾಕೆ ಇದನ್ನು ಓದಬೇಕು ಅಂತ ನೀವು ಬರೆಯುವ ಪತ್ರ. ಒಂದೋ ಎರಡೋ ಪುಟ. ನನ್ನ ಅನುಭವದಲ್ಲಿ ಅಂಕ ಸ್ವಲ್ಪ ಕಡಿಮೆ ಇದ್ದವರನ್ನೂ ಎತ್ತಿ ಹಿಡಿಯುವುದು ಇದೇ.

‘ಬಾಲ್ಯದಿಂದಲೂ ಜನಸೇವೆ ಮಾಡುವ ಆಸೆ ಇತ್ತು’ ಅಂತ ಶುರು ಮಾಡಬೇಡಿ. ಎಲ್ಲರೂ ಅದನ್ನೇ ಬರೆಯುತ್ತಾರೆ. ನೀವು ಕಂಡದ್ದು ಬರೆಯಿರಿ.

ಒಬ್ಬ ನರ್ಸ್ ತಂಗಿ ತನ್ನ ಕರಡು ತಂದು ತೋರಿಸಿದಳು. ಮೊದಲ ಪುಟ ಪೂರ್ತಿ ಆರೋಗ್ಯವೇ ಭಾಗ್ಯ. ನಾನು ಕೇಳಿದೆ, ‘ಇದನ್ನೆಲ್ಲ ಬಿಡು, ಕೆಲಸದಲ್ಲಿ ನಿನಗೆ ನಿದ್ದೆ ಕೆಡಿಸಿದ್ದು ಏನು ಹೇಳು.’ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು. ಗರ್ಭಿಣಿಯರಿಗೆ ಕೊಡಬೇಕಾದ 180 ಕಬ್ಬಿಣಾಂಶದ ಮಾತ್ರೆ ತಾನೇ ಕೈಯಾರೆ ಕೊಟ್ಟು, ತಾಯಿ ಕಾರ್ಡಿನಲ್ಲಿ ಬರೆದಿದ್ದಳು. ಹೆರಿಗೆಗೆ ಬಂದಾಗ ಆ ಹೆಣ್ಣುಮಗಳ ಕಣ್ಣಿನ ಕೆಳರೆಪ್ಪೆ ಬೆಳ್ಳಗೆ, ಅಂದರೆ ಮೈಯಲ್ಲಿ ರಕ್ತ ಕಡಿಮೆ. ಆಮೇಲೆ ಮನೆಗೆ ಹೋಗಿ ನೋಡಿದರೆ, ಜೋಳದ ಹಿಟ್ಟಿನ ಡಬ್ಬಿಯ ಹಿಂದೆ ಕೆಂಪು ಮಾತ್ರೆಗಳ ಹಾಳೆಗಳು ರಬ್ಬರ್‌ಬ್ಯಾಂಡ್ ಹಾಕಿದ್ದು ಹಾಗೇ ಇದ್ದವು. ಒಂದೂ ಒಡೆದಿರಲಿಲ್ಲ. ಮಾತ್ರೆ ನುಂಗಿದರೆ ಹೊಟ್ಟೆ ಕೆಡುತ್ತದೆ, ಕೂಸು ಕಪ್ಪಾಗುತ್ತದೆ ಅಂತ ಅತ್ತೆ ಬೇಡ ಅಂದಿದ್ದರು.

‘ಕೊಟ್ಟಿದ್ದನ್ನು ನಾವು ಎಣಿಸುತ್ತೇವೆ. ನುಂಗಿದ್ದನ್ನು ಯಾರು ಎಣಿಸುತ್ತಾರೆ ಅಕ್ಕ?’ ಅಂದಳು.

ಅದೇ ನಿನ್ನ ಮೊದಲ ಸಾಲು ಅಂದೆ. ಆಮೇಲೆ ಬೇಕಾದದ್ದು ಇಷ್ಟೇ: ಇದನ್ನು ಪತ್ತೆ ಹಚ್ಚಲು ನಿನಗೆ ಯಾವ ವಿದ್ಯೆ ಬೇಕು, ಈ ಕೋರ್ಸಿನ ಯಾವ ಪಾಠ ಅದನ್ನು ಕಲಿಸುತ್ತದೆ, ಕಲಿತು ಏನು ಮಾಡುತ್ತೀ. ರೋಗಿಯ ಹೆಸರು, ಊರಿನ ಹೆಸರು ಮಾತ್ರ ಬರೆಯಬಾರದು. ಅದು ಅವರ ಗುಟ್ಟು.

ಮತ್ತೊಂದು ಮಾತು. ಎಐ ಕಡೆಯಿಂದ ಬರೆಸಿದ ಪತ್ರ ಬೇಡ. ವ್ಯಾಕರಣ ತಿದ್ದಿಸಿಕೊಳ್ಳುವುದು ಬೇರೆ, ನಿಮ್ಮ ಪ್ರಶ್ನೆಯನ್ನೇ ಬೇರೆಯವರಿಂದ ತರುವುದು ಬೇರೆ.

ನಾನು ಕನ್ನಡ ಮೀಡಿಯಂ. ಇಂಗ್ಲಿಷ್ ಆಗುತ್ತದಾ?

ಆಗುತ್ತದೆ. ನಾನೂ ಕನ್ನಡ ಮೀಡಿಯಮ್ಮೇ. ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆಯಲ್ಲಿ ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು ಅಂತ ನಾಲ್ಕು ಭಾಗ. ಅಂಕ 9ರವರೆಗೆ, ಎರಡು ವರ್ಷ ಚಾಲ್ತಿ. ಬಹಳ ಜನ ಬೀಳುವುದು ಬರವಣಿಗೆಯಲ್ಲಿ. ದಿನಕ್ಕೊಂದು ಪುಟ ಬರೆದು ಯಾರಿಗಾದರೂ ತೋರಿಸಿ. ಡಿಗ್ರಿ ಇಂಗ್ಲಿಷ್‌ನಲ್ಲಿ ಓದಿದ್ದರೆ ಕಾಲೇಜಿನ ಪತ್ರವನ್ನೇ ಒಪ್ಪುವ ವಿಶ್ವವಿದ್ಯಾಲಯಗಳೂ ಇವೆ, ಮೊದಲು ಕೇಳಿ ನೋಡಿ. ಪರೀಕ್ಷೆಗೆ ನಮ್ಮವರಿಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ.

ಒಂದು ಮಾತು ಮನಸ್ಸಿನಲ್ಲಿಟ್ಟುಕೊಳ್ಳಿ. ಮನೆ ಬಾಗಿಲಲ್ಲಿ ಕೂತು ಅಜ್ಜಿಯ ಜೊತೆ ನಮ್ಮ ಮಾತಿನಲ್ಲಿ ಮಾತಾಡಿ ನಿಜ ಸಂಗತಿ ತಿಳಿಯುವ ಶಕ್ತಿ ನಿಮಗಿದೆ. ಉರ್ದು, ಮರಾಠಿ, ತೆಲುಗು ಕೂಡ ಬಂದರೆ ಅದನ್ನು ಅರ್ಜಿಯಲ್ಲಿ ಬರೆಯಿರಿ. ಮೌಲ್ಯಮಾಪನಕ್ಕೆ ಇದು ದೊಡ್ಡ ಬಂಡವಾಳ.

ಗಣಿತ ಅಂದರೆ ಭಯ.

ಶೇಕಡಾವಾರು, ಸರಾಸರಿ ಬಂದರೆ ಶುರು ಮಾಡಬಹುದು. ಉಳಿದದ್ದು ಅಭ್ಯಾಸ. ಚೆನ್ನೈನ ಐಸಿಎಂಆರ್ ರಾಷ್ಟ್ರೀಯ ಎಪಿಡೆಮಿಯಾಲಜಿ ಸಂಸ್ಥೆಯವರು ಆರೋಗ್ಯ ಸಂಶೋಧನೆಯ ಮೂಲಪಾಠಗಳನ್ನು ಆನ್‌ಲೈನ್‌ನಲ್ಲಿ ಉಚಿತವಾಗಿ ಕಲಿಸುತ್ತಾರೆ. ಲಕ್ಷಗಟ್ಟಲೆ ಸುರಿಯುವ ಮೊದಲು ಅದನ್ನು ಮುಗಿಸಿ. ಇಷ್ಟವಾಯಿತಾ ಇಲ್ಲವಾ ಅಂತ ನಿಮಗೇ ಗೊತ್ತಾಗುತ್ತದೆ, ಪ್ರಮಾಣಪತ್ರ ಅರ್ಜಿಗೂ ಆಗುತ್ತದೆ. ಹಾಗೇ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಿಮ್ಮ ಜಿಲ್ಲೆಯ ಹಾಳೆ ಇಳಿಸಿಕೊಳ್ಳಿ, ಅದೂ ಉಚಿತ. ಆ ಸಮೀಕ್ಷೆಯ ಪ್ರಕಾರ ಇಡೀ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ವಯಸ್ಸಿಗೆ ತಕ್ಕ ಎತ್ತರ ಇಲ್ಲದವರು 35.4%, 15ರಿಂದ 49 ವರ್ಷದ ಹೆಂಗಸರಲ್ಲಿ ರಕ್ತಹೀನತೆ ಇರುವವರು 47.8%. ನಿಮ್ಮ ಜಿಲ್ಲೆಯ ಅಂಕಿಯನ್ನು ಪಕ್ಕದಲ್ಲಿಟ್ಟು ನೋಡಿ. ಯಾಕೆ ಹೀಗೆ ಅನ್ನುವ ಪ್ರಶ್ನೆ ಬಂತಾ? ಬಂದರೆ ಈ ಓದು ನಿಮ್ಮದು.

ದುಡ್ಡಿನ ವ್ಯವಸ್ಥೆ ಹೇಗೆ?

ಹೊರದೇಶದ ಶುಲ್ಕ ಭಾರವೇ. ಕೋರ್ಸ್ ಕೋರ್ಸಿಗೆ ಕಟ್ಟುವ ಅವಕಾಶ ಇದೆಯಾ ಕೇಳಿ, ಪಾರ್ಟ್ ಟೈಮ್ ಆದರೆ ಸಂಬಳದಲ್ಲಿ ತೂಗಿಸಬಹುದು. ಬ್ರಿಟನ್ನಿನ ಕಾಮನ್‌ವೆಲ್ತ್ ದೂರಶಿಕ್ಷಣ ವಿದ್ಯಾರ್ಥಿವೇತನ ಇಂಥ ಓದಿಗೇ ಇದೆ, ಆದರೆ ಅವರು ಪಟ್ಟಿ ಮಾಡಿದ ಬ್ರಿಟಿಷ್ ವಿಶ್ವವಿದ್ಯಾಲಯದ ಕೋರ್ಸ್‌ಗಳಿಗೆ ಮಾತ್ರ. ಸರ್ಕಾರದ ‘ವಿದೇಶಿ ವ್ಯಾಸಂಗ’ ಯೋಜನೆಗಳು ಸಾಮಾನ್ಯವಾಗಿ ವಿದೇಶಕ್ಕೇ ಹೋಗಿ ಓದುವವರಿಗೆ. ಬ್ಯಾಂಕ್ ಸಾಲವೂ ಆನ್‌ಲೈನ್ ಓದಿಗೆ ಸುಲಭವಾಗಿ ಸಿಗುವುದಿಲ್ಲ, ನಿಮ್ಮ ಶಾಖೆಯ ಮ್ಯಾನೇಜರ್ ಹತ್ತಿರ ಮೊದಲೇ ಮಾತಾಡಿ. ವರ್ಷಕ್ಕೆ 10 ಲಕ್ಷ ದಾಟಿ ಸ್ವಂತ ದುಡ್ಡು ಹೊರಗೆ ಕಳಿಸಿದರೆ ಬ್ಯಾಂಕ್ ಟಿಸಿಎಸ್ ಅನ್ನುವ ತೆರಿಗೆ ಹಿಡಿಯುತ್ತದೆ. ಹೊಲ ಅಡ ಇಟ್ಟು ಈ ಪದವಿ ಓದಬೇಡಿ. ಇದನ್ನು ನಾನು ಎಲ್ಲರಿಗೂ ಹೇಳುತ್ತೇನೆ.

ಕಲ್ಯಾಣ ಕರ್ನಾಟಕದವರ 371(ಜೆ) ಮೀಸಲಾತಿ ಇದಕ್ಕೆ ಅನ್ವಯಿಸುತ್ತದಾ?

ಹೊರದೇಶದ ಪ್ರವೇಶಕ್ಕೆ ಇಲ್ಲ. ರಾಜ್ಯ ಸರ್ಕಾರದ ಹುದ್ದೆಗೆ ಹೋಗುವಾಗ ಅದು ಬೇಕಾಗುತ್ತದೆ. ಪ್ರಮಾಣಪತ್ರ ಜೋಪಾನವಾಗಿಡಿ.

ವೀಸಾ ಬೇಕಾ? ಮುಗಿದ ಮೇಲೆ ಅಲ್ಲೇ ಕೆಲಸಕ್ಕೆ ಹೋಗಬಹುದಾ?

ಮನೆಯಲ್ಲಿ ಕೂತು ಓದಲು ವೀಸಾ ಬೇಡ. ಆದರೆ ಕೆನಡಾದಲ್ಲಿ ಓದು ಮುಗಿಸಿದವರಿಗೆ ಕೊಡುವ ಕೆಲಸದ ಪರ್ಮಿಟ್ ದೂರಶಿಕ್ಷಣದವರಿಗೆ ಸಿಗುವುದಿಲ್ಲ. ವಿದೇಶಕ್ಕೆ ಹೋಗುವುದೇ ಆಸೆಯಾದರೆ ಈ ದಾರಿ ಸರಿಯಲ್ಲ.

ಡ್ಯೂಟಿ ಮಾಡುತ್ತಾ ಓದಲು ಆಗುತ್ತದಾ?

ಬಹುತೇಕ ಪಾಠಗಳು ರೆಕಾರ್ಡ್ ಆಗಿರುತ್ತವೆ. ನೇರ ತರಗತಿ ಇದ್ದಾಗ ಗಡಿಯಾರ ಬೇರೆ. ವಾಟರ್‌ಲೂನಲ್ಲಿ ಸಂಜೆ 7 ಗಂಟೆ ಅಂದರೆ ಅಲ್ಲಿನ ಬೇಸಿಗೆಯಲ್ಲಿ ನಮಗೆ ಮರುದಿನ ಬೆಳಗಿನ 4:30, ಚಳಿಗಾಲದಲ್ಲಿ 5:30. ನಸುಕಿನಲ್ಲಿ ಏಳುವ ಅಭ್ಯಾಸ ಇದ್ದವರಿಗೆ ಕಷ್ಟವಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಆ ಹೊತ್ತು ಒಂದೇ ತಂಪಾಗಿರುವುದು. ಕರೆಂಟ್ ಹೋದರೆ ಅಂತ ಇನ್ವರ್ಟರ್, ಬೇರೆ ಕಂಪನಿಯ ಎರಡನೇ ಸಿಮ್ ಇಟ್ಟುಕೊಳ್ಳಿ. ಅಸೈನ್‌ಮೆಂಟನ್ನು ಕೊನೆಯ ರಾತ್ರಿಗೆ ಬಿಡಬೇಡಿ. ಮೊಬೈಲ್‌ನಲ್ಲಿ ಪಾಠ ಕೇಳಬಹುದು, ಅಂಕಿಅಂಶದ ಕೆಲಸಕ್ಕೆ ಲ್ಯಾಪ್‌ಟಾಪ್ ಬೇಕೇ ಬೇಕು.

ಮನೆಯವರ ಜೊತೆ ಮೊದಲೇ ಮಾತಾಡಿ, ಅದರಲ್ಲೂ ಹೆಣ್ಣುಮಕ್ಕಳು. ವಾರಕ್ಕೆ 12ರಿಂದ 15 ಗಂಟೆ ನನಗೆ ಬೇಕಾಯಿತು. ಆ ಹೊತ್ತಿನಲ್ಲಿ ರೊಟ್ಟಿ ಯಾರು ಬಡಿಯುತ್ತಾರೆ ಅನ್ನುವುದು ಅರ್ಜಿ ಹಾಕುವ ಮೊದಲೇ ತೀರ್ಮಾನವಾಗಬೇಕು.

ಪ್ರಾಜೆಕ್ಟ್ ಇಲ್ಲೇ ಮಾಡಬಹುದಾ?

ವಿಶ್ವವಿದ್ಯಾಲಯ ಒಪ್ಪಿದರೆ ಖಂಡಿತ, ಮಾಡಿದರೆ ಇಲ್ಲೇ ಮಾಡಿ. ಜಿಲ್ಲಾ ಆರೋಗ್ಯ ಅಧಿಕಾರಿಯ ಲಿಖಿತ ಅನುಮತಿ ಬೇಕು, ಜನರ ಮಾಹಿತಿ ತೆಗೆಯುವುದಾದರೆ ಸಂಶೋಧನೆಯಿಂದ ಜನರಿಗೆ ತೊಂದರೆ ಆಗದಂತೆ ನೋಡುವ ನೈತಿಕ ಸಮಿತಿಯ ಒಪ್ಪಿಗೆಯೂ ಬೇಕು. ಡ್ಯೂಟಿಯಲ್ಲಿ ಕೈಗೆ ಬರುವ ರಿಜಿಸ್ಟರನ್ನು ಕೇಳದೆ ಫೋಟೋ ತೆಗೆದು ಅಸೈನ್‌ಮೆಂಟಿಗೆ ಹಾಕಬಾರದು. ನೌಕರಿಗೇ ಕುತ್ತು.

ಓದಿದ ಮೇಲೆ ಕೆಲಸ ಸಿಗುತ್ತದಾ?

ಗ್ಯಾರಂಟಿ ಯಾರೂ ಕೊಡಲಾರರು. ಕೆಲಸ ಮಾತ್ರ ಇದೆ. ಯಾದಗಿರಿ 2018ರಿಂದ ನೀತಿ ಆಯೋಗದ ಮಹತ್ವಾಕಾಂಕ್ಷೆಯ ಜಿಲ್ಲೆಗಳಲ್ಲಿ ಒಂದು. ಅಲ್ಲಿ 49 ಸೂಚಕಗಳನ್ನು ನೋಡುತ್ತಾರೆ, ಆರೋಗ್ಯ ಮತ್ತು ಪೋಷಣೆಗೆ 30% ತೂಕ. ರಾಜ್ಯದ ಯೋಜನೆಗಳನ್ನು ಕರ್ನಾಟಕ ಮೌಲ್ಯಮಾಪನ ಪ್ರಾಧಿಕಾರ ಹೊರಗಿನ ಸಂಸ್ಥೆಗಳಿಂದ ಪರೀಕ್ಷೆ ಮಾಡಿಸುತ್ತದೆ. ಸ್ವಯಂಸೇವಾ ಸಂಸ್ಥೆಗಳಲ್ಲಿ ‘ಎಂ ಅಂಡ್ ಇ’ (ಉಸ್ತುವಾರಿ ಮತ್ತು ಮೌಲ್ಯಮಾಪನ) ಹುದ್ದೆಗಳು ಇರುತ್ತವೆ.

ಇಲ್ಲಿಯವರೆಗೆ ನಮ್ಮ ಜಿಲ್ಲೆಗಳನ್ನು ಅಳೆಯಲು ಬಂದವರಲ್ಲಿ ಬಹಳ ಜನ ಹೊರಗಿನವರು. ಮೂರು ದಿನ ಇದ್ದು, ಲಾಡ್ಜಿನಲ್ಲಿ ತಂಗಿ, ಕಾರಿನಲ್ಲಿ ಸುತ್ತಿ ಹೋಗುತ್ತಾರೆ. ಅವರು ಒಳ್ಳೆಯವರೇ, ಓದಿದವರೇ. ಆದರೆ ಹಿಟ್ಟಿನ ಡಬ್ಬಿಯ ಹಿಂದೆ ನೋಡಬೇಕು ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಅದು ಗೊತ್ತಿರುವವರು ಈ ವಿದ್ಯೆ ಕಲಿಯಲಿ ಅಂತಲೇ ನಾನು ಇಷ್ಟು ಬರೆಯುತ್ತಿರುವುದು.

ಒಂದು ಸಲ ರಿಜೆಕ್ಟ್ ಆದರೆ?

ನನ್ನದೂ ಆಗಿತ್ತು. ಹೆಸರು ತಿದ್ದಿಸಿ, ಮರುವರ್ಷ ಹಾಕಿದ ಮೊದಲ ಅರ್ಜಿ ವಾಪಸ್ ಬಂತು. ‘ಎಲ್ಲಿ ಕಡಿಮೆ ಬಿತ್ತು ತಿಳಿಸುತ್ತೀರಾ’ ಅಂತ ಮರ್ಯಾದೆಯಿಂದ ಇಮೇಲ್ ಬರೆದೆ. ಎರಡು ಸಾಲಿನ ಉತ್ತರ ಬಂತು: ಕೆಲಸದ ಅನುಭವ ಇದೆ, ಪ್ರಶ್ನೆ ಕಾಣಿಸುತ್ತಿಲ್ಲ. ಮುಂದಿನ ವರ್ಷ ಪತ್ರವನ್ನು ಪೂರ್ತಿ ಹೊಸದಾಗಿ ಬರೆದೆ. ಆ ‘ಊರಲ್ಲಿಲ್ಲ’ ಅನ್ನುವ ಪೆನ್ಸಿಲ್ ಗುರುತಿನಿಂದಲೇ ಶುರು ಮಾಡಿದ್ದೆ.